ಹನ್ನೊಂದು ಗಂಟೆಗೆ ಬೀಳುವ ಲೈನು

ಪ್ರಮೀಳಾ ಆ ಮನೆಗೆ ಸೊಸೆಯಾಗಿ ಬಂದು ಎರಡೂವರೆ ವರ್ಷವಾಗಿತ್ತು. ಮಿರ್ಲೆಯಿಂದ ಒಂದೂವರೆ ಮೈಲಿ ಆಚೆ, ನಾಲೆಯ ಏರಿಗೆ ಬೆನ್ನು ಕೊಟ್ಟು ಕೂತ ಒಂಟಿ ಮನೆ. ಮಾವ ಗೋವಿಂದಯ್ಯ ಪಿರಿಯಾಪಟ್ಟಣದ ಕಡೆ ಇದ್ದ ಹೊಗೆಸೊಪ್ಪಿನ ಹೊಲ ಮಾರಿ ಇಲ್ಲಿ ಗದ್ದೆ ಕೊಂಡು ಬಂದಿದ್ದರು. ಅಲ್ಲಿ ನೆಂಟರು, ದಾಯಾದಿಗಳು, ಊರು ಎಲ್ಲ ಇದ್ದೂ ಯಾಕೆ ಬಿಟ್ಟು ಬಂದರು ಎಂದು ಮದುವೆಯಾದ ಹೊಸದರಲ್ಲಿ ಪ್ರಮೀಳಾ ಕೇಳಿದ್ದಳು. "ಇಲ್ಲಿ ನೀರಿತ್ತು" ಎಂದಷ್ಟೇ ಹೇಳಿ ಗಂಡ ಯತೀಶ್ ಮಗ್ಗುಲು ಬದಲಿಸಿದ್ದ.

ಮನೆಯಲ್ಲಿ ಮಾವ, ಅತ್ತೆ ಸುನಂದಮ್ಮ, ಮಾವನ ತಾಯಿ ತಿಮ್ಮಮ್ಮಜ್ಜಿ, ಯತೀಶ್ ಮತ್ತು ಅವಳು. ನಡುಮನೆಯ ಗೋಡೆಯ ಮೇಲೆ ಇನ್ನೊಬ್ಬಳು. ಗಂಧದ ಹಾರ ಹಾಕಿದ ಚೌಕಟ್ಟಿನೊಳಗೆ ಎರಡು ಜಡೆ ಹಾಕಿಕೊಂಡು ನಗುತ್ತಿದ್ದ ನಾದಿನಿ ಶಶಿ. ಕಾಮಾಲೆಯಾಗಿ ಹತ್ತೊಂಬತ್ತಕ್ಕೇ ಹೋಗಿಬಿಟ್ಟಳು ಎಂದು ಹೆಣ್ಣು ನೋಡಲು ಬಂದಾಗಲೇ ಹೇಳಿದ್ದರು. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ ಆ ಫೋಟೋಗೂ ಒಂದು ಊದುಬತ್ತಿ ಹಚ್ಚುವುದು ಸೊಸೆಯ ಕೆಲಸ. ಪ್ರಮೀಳಾ ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

ಮದುವೆಗೆ ಮುಂಚೆ ಅವಳು ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಕನ್ನಡ ಟೈಪಿಂಗ್ ಮಾಡುತ್ತಿದ್ದಳು. ಅವಳ ಬೆರಳಿನ ವೇಗಕ್ಕೆ ಅಲ್ಲಿ ಬೇರೆ ಯಾರೂ ಸಾಟಿ ಇರಲಿಲ್ಲ. ಎರಡು ಸಾವಿರದ ಏಳನೇ ಇಸವಿಯ ಆಷಾಢದಲ್ಲಿ ಪ್ರೆಸ್ಸಿನ ಯಜಮಾನರು ಹೇಳಿಕಳಿಸಿದರು. ಒಂದು ದೊಡ್ಡ ನಿಘಂಟಿನ ಕೆಲಸ ಬಂದಿದೆ, ಪುಟಗಳನ್ನು ಸ್ಕ್ಯಾನ್ ಮಾಡಿ ಮೇಲ್‌ನಲ್ಲಿ ಕಳಿಸುತ್ತೇವೆ, ಟೈಪ್ ಮಾಡಿ ದಿನಾ ಮಧ್ಯಾಹ್ನ ಹನ್ನೆರಡರೊಳಗೆ ವಾಪಸ್ಸು ಕಳಿಸಬೇಕು ಎಂದು. ಯತೀಶ್ ಉತ್ಸಾಹದಿಂದಲೇ ಕೆ.ಆರ್. ನಗರದಿಂದ ಹಳೆಯದೊಂದು ಕಂಪ್ಯೂಟರ್ ತಂದ. ಮನೆಯಲ್ಲಿ ಒಂದೂವರೆ ವರ್ಷದಿಂದ ವೈರ್‌ಲೆಸ್ ಫೋನು ಇತ್ತು. ಮನೆಯ ಮೇಲೆ ಗಳ ನೆಟ್ಟು ಆಂಟೆನಾ ಕಟ್ಟಿ, ಒಳಗೆ ಮೇಜಿನ ಮೇಲಿಟ್ಟ ಫೋನಿಗೆ ಸಿಗ್ನಲ್ಲು ಹಿಡಿಯುವಂಥದ್ದು. ಅದಕ್ಕೇ ಒಂದು ಕೇಬಲ್ ಸಿಕ್ಕಿಸಿದರೆ ಕಂಪ್ಯೂಟರಿಗೆ ಇಂಟರ್ನೆಟ್ಟು ಬರುತ್ತದೆ ಎಂದು ಅಂಗಡಿಯವನು ತೋರಿಸಿಕೊಟ್ಟಿದ್ದ. ಮೊಬೈಲಿಗಾದರೆ ನಾಲೆಯ ಏರಿ ಹತ್ತಬೇಕಿತ್ತು.

ಬೆಳಿಗ್ಗೆ ಒಂಬತ್ತೂವರೆಗೆ ಕರೆಂಟು ಬಂದರೆ ಹನ್ನೆರಡೂವರೆಗೆ ಹೋಗುತ್ತಿತ್ತು. ಅಷ್ಟರೊಳಗೆ ಅವಳ ಕೆಲಸ ಮುಗಿಯಬೇಕು. ಮೊದಲ ದಿನ ಹತ್ತೂಮುಕ್ಕಾಲಿಗೆ ಫೈಲು ಕಳಿಸಲು ಕೂತಳು. ಪರದೆಯ ಮೇಲೆ ಹಸಿರು ಪಟ್ಟಿ ಆಮೆಯ ಹಾಗೆ ಮುಂದಕ್ಕೆ ಹೋಗುತ್ತಿತ್ತು. ಹನ್ನೊಂದು ದಾಟಿ ಐದು ನಿಮಿಷವಾಗಿರಬೇಕು, ಫೋನು 'ಟ್ರಿಣ್' ಎಂದು ಅರ್ಧ ಸದ್ದು ಮಾಡಿ ನಿಂತಿತು. ನೆಟ್ಟು ಬಿದ್ದುಹೋಯಿತು. ಕಂಪ್ಯೂಟರು ತಾನೇ ಮತ್ತೆ ಡಯಲ್ ಮಾಡಿಕೊಂಡಿತು. ಫೈಲು ಮೊದಲಿನಿಂದ ಹೊರಟಿತು. ಮತ್ತೆ 'ಟ್ರಿಣ್', ಮತ್ತೆ ಬಿತ್ತು.

ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ತಿಮ್ಮಮ್ಮಜ್ಜಿ ತಲೆಯೆತ್ತಿದಳು. "ಶಶಿಯಾ?"

ಪ್ರಮೀಳಾ ಗೋಡೆಯ ಫೋಟೋ ಕಡೆ ತಿರುಗಿದಳು.

"ಸುಮ್ಕಿರವ್ವ" ಎಂದು ಸುನಂದಮ್ಮ ಅಡುಗೆಮನೆಯಿಂದ ಓಡಿಬಂದವರ ಹಾಗೆ ಬಂದರು. "ವಯಸ್ಸಾಯ್ತು ಕಣವ್ವ ಅವ್ರಿಗೆ. ಸತ್ತೋರು ಇದ್ದೋರು ಒಂದೂ ಗೊತ್ತಾಗಲ್ಲ."

ಮಾರನೆಯ ದಿನವೂ ಹಾಗೇ ಆಯಿತು, ಅದರ ಮಾರನೆಯ ದಿನವೂ. ಹತ್ತು ಗಂಟೆಗೆ ಚೆನ್ನಾಗಿರುವ ಲೈನು ಹನ್ನೊಂದಾದ ಕೂಡಲೇ ಯಾರೋ ಕತ್ತರಿ ಹಾಕಿದಂತೆ ತುಂಡಾಗುತ್ತಿತ್ತು. ಯತೀಶ್ ಮನೆಯ ಮೇಲೆ ಹತ್ತಿ ಆಂಟೆನಾ ತಿರುಗಿಸಿದ. ಅವಳು ಒಳಗಿನಿಂದ ಫೋನಿನ ಸಿಗ್ನಲ್ ಕಡ್ಡಿ ಎಣಿಸಿ ಕೂಗಬೇಕು.

"ಎಷ್ಟ್ ಕಡ್ಡಿ ಬಂತೇ?"

"ಎರಡು!"

"ಈಗ?"

"ಒಂದೇ! ಮೊದಲಿನ ಥರಾನೇ ಇಡಿ!"

ಸಾಲಿಗ್ರಾಮದ ಕಡೆಗೆ ತಿರುಗಿಸಿದ, ಕೆ.ಆರ್. ನಗರದ ಕಡೆಗೆ ತಿರುಗಿಸಿದ. ಗಳಕ್ಕೆ ಇನ್ನೊಂದು ಗಳ ಕಟ್ಟಿ ಎತ್ತರ ಮಾಡಿದ. ಅಡ್ಡ ಬರುತ್ತದೆಂದು ನುಗ್ಗೆಮರದ ಕೊಂಬೆ ಕಡಿದ. ಆಗ ನಾಲ್ಕು ಕಡ್ಡಿ ಬಂತು, ಮನೆಯವರೆಲ್ಲ ಖುಷಿಪಟ್ಟರು, ಅತ್ತೆ ನುಗ್ಗೆಸೊಪ್ಪಿನ ಬಸ್ಸಾರು ಮಾಡಿದರು. ಮಾರನೆಯ ದಿನ ಹನ್ನೊಂದು ಗಂಟೆ ಏಳು ನಿಮಿಷಕ್ಕೆ ನಾಲ್ಕೂ ಕಡ್ಡಿ ಇರುವಾಗಲೇ ಲೈನು ಬಿತ್ತು.

ಆಮೇಲೆ ಪ್ರಮೀಳಾಳ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು. ಹನ್ನೊಂದಾಗುತ್ತಲೇ ಅತ್ತೆ ಏನಾದರೊಂದು ಕೆಲಸ ಹಿಡಿದು ನಡುಮನೆಗೆ ಬಂದು ಕೂರುತ್ತಿದ್ದರು. ಅಕ್ಕಿ ಆರಿಸುತ್ತಿದ್ದರು, ಬೆಳ್ಳುಳ್ಳಿ ಸುಲಿಯುತ್ತಿದ್ದರು. ಕಣ್ಣು ಮಾತ್ರ ಫೋನಿನ ಮೇಲೆ. ಫೋನು ಅರ್ಧ ಸದ್ದು ಮಾಡಿದರೆ ಅವರ ಕೈ ನಿಲ್ಲುತ್ತಿತ್ತು.

"ಈ ಒತ್ನಲ್ಲಿ ಅದ್ನ ಆಕ್ಬ್ಯಾಡ ಕಣವ್ವ" ಎಂದರು ಒಂದು ದಿನ.

"ಯಾಕತ್ತೆ?"

"ರಾಹುಕಾಲ."

"ದಿನಾ ಹನ್ನೊಂದಕ್ಕೆ ರಾಹುಕಾಲ ಇರುತ್ತಾ ಅತ್ತೆ?"

ಇನ್ನೊಂದು ದಿನ ತಲೆನೋವು ಎಂದರು. ಇನ್ನೊಂದು ದಿನ ಆ ಡಬ್ಬದ ಸದ್ದಿಗೆ ಹಸು ಹಾಲು ಕಟ್ಟಿಕೊಳ್ಳುತ್ತದೆ ಎಂದರು. ಪ್ರಮೀಳಾಳಿಗೆ ಸಿಟ್ಟು ಬಂತು. ರಾತ್ರಿ ಊಟಕ್ಕೆ ಬಡಿಸುವಾಗ ಎಲ್ಲರ ಮುಂದೆಯೇ ಕೇಳಿದಳು. "ನಾನು ಕೆಲಸ ಮಾಡೋದು ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳಿಬಿಡಿ ಅತ್ತೆ. ಹೊತ್ತಿನ ಮೇಲೆ, ಹಸುವಿನ ಮೇಲೆ ಯಾಕೆ ಹಾಕ್ತೀರ?"

"ನಾನ್ಯಾಕವ್ವ ಬ್ಯಾಡ ಅನ್ನಲಿ? ಒತ್ತು ಬದಲಾಯಿಸ್ಕೊ ಅಂದೆ."

"ಕರೆಂಟು ನಾನು ಹೇಳ್ದಾಗ ಬರುತ್ತಾ?"

ಗೋವಿಂದಯ್ಯ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಹೆಂಡತಿಯ ಕಡೆ ನೋಡಿದರು. "ಕಲಿತಿರೋ ಹುಡುಗಿ. ಮಾಡ್ಕಳ್ಳಿ ಬುಡು. ನಿಂಗೇನು ತೊಂದ್ರೆ?"

ಮಾವ ತನ್ನ ಪರ ಮಾತಾಡಿದರೆಂದು ಪ್ರಮೀಳಾಳಿಗೆ ಆ ರಾತ್ರಿ ಸಮಾಧಾನವಾಯಿತು. ಆದರೆ ಅಂದಿನಿಂದ ಅತ್ತೆ ಸರಿಯಾಗಿ ಉಣ್ಣುವುದನ್ನು ಬಿಟ್ಟರು. ಮಜ್ಜಿಗೆ ಅನ್ನ ಎರಡು ತುತ್ತು ತಿಂದು ಏಳುತ್ತಿದ್ದರು. ಹಗಲಿನಲ್ಲಿ ಒಂದೊಂದು ಸಲ ಸೊಸೆಯನ್ನು "ಶಶೀ" ಎಂದು ಕರೆದು ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ತಿಮ್ಮಮ್ಮಜ್ಜಿಯಂತೂ ಫೋನು ಅರ್ಧ ಸದ್ದು ಮಾಡಿದಾಗಲೆಲ್ಲ, "ಎತ್ರೇ, ಮಗ ಕರೀತೈತೆ" ಎನ್ನುತ್ತಿದ್ದಳು. ಒಂಟಿ ಮನೆ, ಹೊರಗೆ ನಾಲೆಯ ನೀರಿನ ಸದ್ದು ಬಿಟ್ಟರೆ ಇನ್ನೇನಿಲ್ಲ. ಊದುಬತ್ತಿ ಹಚ್ಚುವಾಗ ಪ್ರಮೀಳಾ ಫೋಟೋದ ಮುಖ ನೋಡುವುದನ್ನು ಬಿಟ್ಟಳು. ಹೋದ ವರ್ಷ ಪಿತೃಪಕ್ಷದಲ್ಲಿ ಶಶಿಗೆಂದು ಎಡೆಗೆ ಇಟ್ಟ ಸೀರೆಯನ್ನು ಪದ್ಧತಿಯಂತೆ ಅವಳೇ ಉಟ್ಟಿದ್ದಳು. ಈಗ ಆ ಸೀರೆಯನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದಳು.

ಪ್ರೆಸ್ಸಿನವರಿಂದ ಎಚ್ಚರಿಕೆಯ ಮೇಲ್ ಬಂದಾಗ ಭಾದ್ರಪದ ಅರ್ಧ ಕಳೆದಿತ್ತು. ಇನ್ನೆರಡು ಸಲ ತಡವಾದರೆ ಕೆಲಸ ಬೇರೆಯವರಿಗೆ. ಯತೀಶ್ ಕೆ.ಆರ್. ನಗರಕ್ಕೆ ಹೋಗಿ ಫೋನು ರಿಪೇರಿಯ ಧರ್ಮೇಂದ್ರನನ್ನು ಬೈಕಿನಲ್ಲಿ ಕರೆತಂದ. ನಡುವಯಸ್ಸಿನ, ಹೆಚ್ಚು ಮಾತಾಡದ ಮನುಷ್ಯ. ಕೇಬಲ್ ಬದಲಾಯಿಸಿ ನೋಡಿದ, ಆಂಟೆನಾದ ತುದಿ ಉಜ್ಜಿದ, ಫೋನಿನ ಬ್ಯಾಟರಿ ತೆಗೆದು ಹಾಕಿದ. ಏನೂ ತಪ್ಪಿರಲಿಲ್ಲ.

"ಯಾವಾಗ ಕಟ್ ಆಗ್ತದೆ ಮೇಡಂ?"

ಪ್ರಮೀಳಾ ಕ್ಯಾಲೆಂಡರಿನ ಹಿಂಬದಿಯಲ್ಲಿ ದಿನವೂ ಬರೆದಿಟ್ಟಿದ್ದಳು. ಧರ್ಮೇಂದ್ರ ಅದನ್ನು ಮೇಲಿಂದ ಕೆಳಗೆ ನೋಡಿದ. ಎಲ್ಲ ಹನ್ನೊಂದರಿಂದ ಹನ್ನೊಂದೂಕಾಲಿನ ಒಳಗೆ. ಭಾನುವಾರ ಒಂದೂ ಇಲ್ಲ.

"ಟವರ್ ತೊಂದ್ರೆ ಆಗಿದ್ರೆ ಗಡಿಯಾರ ನೋಡ್ಕೊಂಡು ಬರಲ್ಲ" ಎಂದ. "ನೀವು ನೆಟ್ ಹಾಕಿ ಏನಾದ್ರೂ ಕಳಿಸ್ತಾ ಇರಿ. ನಾನು ಏರಿ ಮೇಲಿಂದ ಮೊಬೈಲಲ್ಲಿ ನಿಮ್ಗೇ ಫೋನ್ ಮಾಡ್ತೀನಿ."

ಅವನು ಏರಿ ಹತ್ತಿದ. ಒಂದು ನಿಮಿಷಕ್ಕೆ 'ಟ್ರಿಣ್' ಎಂದು ಅರ್ಧ ಸದ್ದಾಯಿತು, ನೆಟ್ಟು ಬಿತ್ತು. ಕಂಪ್ಯೂಟರು ಮತ್ತೆ ಡಯಲ್ ಮಾಡಿಕೊಂಡಿತು.

"ಇಷ್ಟೇ ಮೇಡಂ" ಎಂದ ಕೆಳಗಿಳಿದು ಬಂದು. "ಕರೆ ಬಂದ್ರೆ ನೆಟ್ ಬೀಳ್ತದೆ. ನಿಮ್ ಕಂಪ್ಯೂಟ್ರು ತಕ್ಷಣ ಲೈನ್ ಕಿತ್ಕೊಳ್ತದೆ, ಕರೆ ಸತ್ತೋಗ್ತದೆ. ಯಾರೋ ದಿನಾ ನಿಮ್ಗೆ ಫೋನ್ ಮಾಡ್ತಾವ್ರೆ." ಫೋನಿನ ಗುಂಡಿ ಒತ್ತಿ ಸಣ್ಣ ಪರದೆ ತೋರಿಸಿದ. ಒಂದೇ ನಂಬರು ಸಾಲಾಗಿ ನಿಂತಿತ್ತು. "ಇದು ಎಚ್.ಡಿ. ಕೋಟೆ ಕೋಡು. ನಡುವೆ ಒಂದೆಂಟು ದಿನ ಮೈಸೂರಿಂದು. ಆಮೇಲೆ ಮತ್ತೆ ಕೋಟೆದೇ. ನಿಮ್ಮೋರು ಯಾರಾದ್ರೂ ಇದಾರಾ ಅಲ್ಲಿ?"

"ಯಾರೂ ಇಲ್ಲ" ಎಂದ ಯತೀಶ್, ಬೇಗನೆ.

ಬಾಗಿಲ ಬಳಿ ನಿಂತಿದ್ದ ಸುನಂದಮ್ಮ, "ರಾಂಗ್ ನಂಬರ್ ಇರ್ತದೆ. ಕಾಪಿ ಕುಡ್ದೋಗಪ್ಪ" ಎಂದರು. ಲೋಟ ಕೊಡುವಾಗ ಅವರ ಕಣ್ಣು ಫೋನಿನ ಸಣ್ಣ ಪರದೆಯ ಮೇಲೇ ಇದ್ದುದನ್ನು ಪ್ರಮೀಳಾ ನೋಡಿದಳು. ಗಂಡನ ಮುಖವನ್ನೂ ನೋಡಿದಳು.

ಮಧ್ಯಾಹ್ನ ಗಂಡಸರು ಗದ್ದೆಯಲ್ಲಿದ್ದರು. ಕಳೆ ಕೀಳುವವರಿಗೆ ಊಟ ಹೊತ್ತು ಅತ್ತೆಯೂ ಹೋದರು. ಕರೆಂಟು ಹೋಗಿ ಕಂಪ್ಯೂಟರು ಕಪ್ಪಾಗಿತ್ತು. ಪ್ರಮೀಳಾ ಫೋನು ಎತ್ತಿ ಆ ನಂಬರಿಗೆ ಒತ್ತಿದಳು.

"ಇದು ಕಾಯಿನ್ ಬಾಕ್ಸು ಕಣ್ರೀ. ಯಾರು ಬೇಕಿತ್ತು?" ಎಂದಿತು ಗಂಡು ದನಿ.

"ಈ ನಂಬರಿಂದ ದಿನಾ ಹನ್ನೊಂದು ಗಂಟೆಗೆ ಯಾರೋ ಫೋನ್ ಮಾಡ್ತಾರೆ. ಮಿರ್ಲೆ ಕಡೆಗೆ."

"ಓ, ನಮ್ ಪಕ್ಕದಂಗ್ಡಿ ಟೈಲರಮ್ಮ. ತಡೀರಿ, ಕರೀತೀನಿ. ಶಶಮ್ಮಾ! ನಿಮ್ಗೇ ಫೋನು!"

ಪ್ರಮೀಳಾಳಿಗೆ ಫೋನು ಇಟ್ಟುಬಿಡಬೇಕು ಅನ್ನಿಸಿತು, ಕೈ ಬರಲಿಲ್ಲ. ಆ ಕಡೆ ಯಾರೋ ಓಡಿಬರುವ ಚಪ್ಪಲಿ ಸದ್ದು, ಬಳೆಯ ಸದ್ದು, ಏದುಸಿರು.

"ಅವ್ವಾ? ಅವ್ವ, ನೀನಾ?"

"ನಾನು ಪ್ರಮೀಳಾ. ಯತೀಶ್ ಹೆಂಡ್ತಿ." "ನೀವು ಯಾರು?"

ಆ ಕಡೆಯವಳು ದನಿ ಇಳಿಸಿದಳು. "ನಾನು ಶಶಿ, ಅತ್ತಿಗೆ."

ಪ್ರಮೀಳಾ ಗೋಡೆ ನೋಡಿದಳು. ಬೆಳಿಗ್ಗೆ ತಾನೇ ಹಚ್ಚಿಟ್ಟ ಊದುಬತ್ತಿಯ ಬೂದಿ ಫೋಟೋದ ಅಂಚಿನಲ್ಲಿ ಬಿದ್ದಿತ್ತು. ಮೂಲೆಯಿಂದ ತಿಮ್ಮಮ್ಮಜ್ಜಿ, "ಶಶಿಯಾ? ಉಂಡ್ಳಾ ಕೇಳು" ಎಂದಳು.

"ನೀವು... ನಿಮಗೆ..." ಎಂದಳು ಪ್ರಮೀಳಾ.

"ಗೊತ್ತು ಅತ್ತಿಗೆ. ಹಾರ ಹಾಕವ್ರೆ ಅಂತ ಅವ್ವ ಹೇಳವ್ಳೆ. ಅಪ್ಪಯ್ಯಂಗೆ ನಾನು ಸತ್ತು ಎಂಟು ವರ್ಷ." ಶಶಿ ಅವಸರವಾಗಿ ಮಾತಾಡಿದಳು, ಮತ್ತೆ ಲೈನು ಬಿದ್ದುಹೋದೀತು ಎಂಬ ಹಾಗೆ. "ಅವ್ವ ಉಷಾರಾಗವ್ಳಾ? ಎರಡು ತಿಂಗ್ಳಾಯ್ತು ಸಿಕ್ತಿಲ್ಲ. ಅರ್ಧ ರಿಂಗ್ ಹೋಗೋದು, ಕಟ್ಟಾಗೋದು. ಅಪ್ಪಯ್ಯಂಗೆ ತಿಳೀತೇನೋ, ಹೊಡ್ದಾಕಿದ್ರೇನೋ ಅಂತ ಏನೇನೋ ಅಂದ್ಕಂಡೆ. ಪುಟ್ಟಿಗೆ ಡೆಂಗ್ಯೂ ಆಗಿತ್ತು ಅತ್ತಿಗೆ, ನನ್ ಮಗ್ಳಿಗೆ. ಎಂಟು ದಿನ ಮೈಸೂರಲ್ಲಿ ಆಸ್ಪತ್ರೇಲಿದ್ವಿ. ಒಂದಿನ ಡಾಕ್ಟ್ರು ಯಾರ್ನಾದ್ರೂ ಕರುಸ್ಕಳಿ ಅಂದ್ಬುಟ್ರು. ನಮ್ಮನೇರು ಲಾರಿ ತಗಂಡು ದೂರ ಹೋಗಿದ್ರು, ಯಾರ್ನ ಕರೀಲಿ? ಅವತ್ತು ಹದಿನಾಲ್ಕು ಸಲ ಮಾಡ್ದೆ."

ಆ ದಿನ ಪ್ರಮೀಳಾಳಿಗೆ ನೆನಪಿತ್ತು. ಸಿಟ್ಟಿನಲ್ಲಿ ಅವಳು ಕಂಪ್ಯೂಟರಿನ ಕೇಬಲ್ಲನ್ನು ಇನ್ನಷ್ಟು ಒತ್ತಿ ಸಿಕ್ಕಿಸಿದ್ದಳು.

"ಈಗ ಹೇಗಿದಾಳೆ?"

"ಮನೇಗೆ ಬಂದವ್ಳೆ. ಎದ್ದು ಕೂರ್ತಾಳೆ, ನಡೆಯಕ್ಕೆ ಆಗಲ್ಲ. ಅವ್ವಂಗೆ ಹೇಳಿ."

ಸಂಜೆ ಅತ್ತೆ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದರು. ಪ್ರಮೀಳಾ ಪಕ್ಕದಲ್ಲಿ ಕೂತು ಮೆಲ್ಲಗೆ, "ಪುಟ್ಟಿಗೆ ಹುಷಾರಿರಲಿಲ್ಲವಂತೆ ಅತ್ತೆ. ಈಗ ವಾಸಿಯಾಗಿದೆ" ಎಂದಳು.

ಮುದ್ದೆಕೋಲು ನಿಂತಿತು. ಹಿಟ್ಟು ತಳ ಹಿಡಿಯುವ ವಾಸನೆ ಬಂದರೂ ಸುನಂದಮ್ಮ ಅಲುಗಲಿಲ್ಲ. ಆಮೇಲೆ ಒಂದೊಂದಾಗಿ ಕೇಳಿದರು. ಯಾವ ಜ್ವರ, ಎಷ್ಟು ದಿನ, ಆಸ್ಪತ್ರೆಯಲ್ಲಿ ಜೊತೆಗೆ ಯಾರಿದ್ದರು. ಯಾರೂ ಇರಲಿಲ್ಲ ಎಂದಾಗ ಸೆರಗು ಬಾಯಿಗೆ ಒತ್ತಿಕೊಂಡರು.

"ನಂಗೇ ಹೇಳಬಹುದಾಗಿತ್ತಲ್ಲ ಅತ್ತೆ. ಒಂದು ಮಾತು."

"ಹೆಂಗೆ ಹೇಳಲವ್ವ? ಸತ್ತೋಗವ್ಳೆ ಅಂತ ಹೇಳಿ ನಿನ್ನ ತಂದಿದ್ದು. ನಂಗೆ ನಂಬರ್ ಒತ್ತಕ್ಕೆ ಬರಲ್ಲ. ರಿಂಗಾದ್ರೆ ಎತ್ತೋದು, ಅಷ್ಟೇ ಗೊತ್ತು. ಅವ್ಳೇ ಎಂಗೋ ನಂಬರ್ ಹುಡುಕ್ಕಂಡು ಮಾಡಿದ್ಲು, ನೀನು ನಾಲೆಗೆ ಬಟ್ಟೆ ಒಗೆಯಕ್ಕೆ ಹೋಗೋ ಒತ್ತು ಅಂತ ಹನ್ನೊಂದಕ್ಕೆ ಮಾಡು, ಭಾನ್ವಾರ ಬ್ಯಾಡ, ಗಂಡಸ್ರಿರ್ತಾರೆ ಅಂದಿದ್ದೆ." ಮುದ್ದೆ ಕೆಳಗಿಳಿಸಿದರು. "ಹೊಗೆಸೊಪ್ಪು ತುಂಬ್ಕೊಂಡೋಗೋ ಲಾರಿ ಹುಡುಗ. ನಮ್ಮೋರಲ್ಲ. ಅವನ ಜೊತೆ ಹೊಂಟೋದ್ಲು. ಹನ್ನೊಂದನೇ ದಿನಕ್ಕೆ ನಿಮ್ಮಾವ ತಲೆ ಬೋಳಿಸ್ಕಂಡು ಬಂದು ಊರಿಗೆಲ್ಲ ತಿಥಿ ಊಟ ಹಾಕಿದ್ರು. ಬಡಿಸ್ದೋಳು ನಾನೇ. 'ಇನ್ನೊಂಚೂರು ಪಾಯ್ಸ ಹಾಕವ್ವ' ಅಂತ ಜನ ಕೇಳಿ ಹಾಕಿಸ್ಕಂಡು ಉಂಡ್ರು. ಆ ಊರಲ್ಲಿ ಇರಕ್ಕಾಗ್ದೆ ಇಲ್ಲಿಗೆ ಬಂದೋ."

ಆ ರಾತ್ರಿ ಗಂಡ ಹೆಂಡಿರಿಗೆ ಮದುವೆಯಾದಾಗಿನಿಂದ ಆಗದಷ್ಟು ಜಗಳವಾಯಿತು.

"ಅಪ್ಪ ಆಣೆ ಹಾಕ್ಸಿದ್ದ ಕಣೇ" ಎಂದ ಯತೀಶ್. "ನಾನೇನ್ ಮಾಡ್ಲಿ?"

"ಎರಡು ವರ್ಷ ನನ್ನ ಕೈಲಿ ಬದುಕಿರೋಳಿಗೆ ಎಡೆ ಮಾಡ್ಸಿದ್ರಿ. ಆ ಸೀರೆ ನಂಗೆ ಉಡ್ಸಿದ್ರಿ."

"ಮೆಲ್ಲಗೆ ಮಾತಾಡು."

"ನಾಳೆ ನಾನು ನಿಮ್ಮಪ್ಪಂಗೆ ಆಗದೇ ಇರೋದು ಏನಾದ್ರೂ ಮಾಡಿದ್ರೆ ನನ್ನ ಫೋಟೋ ಎಲ್ಲಿ ಹಾಕ್ತೀರ? ಅವಳ ಪಕ್ಕದಲ್ಲಾ?"

ಯತೀಶ್ ಚಾಪೆ ತೆಗೆದುಕೊಂಡು ಜಗಲಿಗೆ ಹೋದ.

ಮಾರನೆಯ ದಿನದಿಂದ ಹತ್ತೂಮುಕ್ಕಾಲಿಗೆ ಪ್ರಮೀಳಾ ಕೇಬಲ್ ಕಿತ್ತಿಡುತ್ತಿದ್ದಳು. ಹನ್ನೊಂದಕ್ಕೆ ಫೋನು ಪೂರ್ತಿ ಸದ್ದು ಮಾಡುತ್ತಿತ್ತು. ಅತ್ತೆ ಗೋಡೆ ಕಡೆ ತಿರುಗಿ ಪಿಸುಗುಡುತ್ತಿದ್ದರು. ಹನ್ನೊಂದೂಕಾಲಿಗೆ ಮತ್ತೆ ಕೇಬಲ್ ಸಿಕ್ಕಿಸಿದರೆ ಹನ್ನೆರಡರೊಳಗೆ ಫೈಲು ಸಲೀಸಾಗಿ ಹೋಗುತ್ತಿತ್ತು. ಲೈನಿನಲ್ಲಿ ಇನ್ನು ಯಾವ ದೋಷವೂ ಇರಲಿಲ್ಲ. ಆದರೂ ಪ್ರಮೀಳಾಳಿಗೆ ಊದುಬತ್ತಿ ಹಿಡಿದು ಆ ಫೋಟೋದ ಮುಂದೆ ನಿಂತಾಗಲೆಲ್ಲ ಬೆನ್ನಿನ ಹಿಂದೆ ಏದುಸಿರು ಕೇಳಿಸುತ್ತಿತ್ತು. ಬದುಕಿರುವವಳು ಎಂದು ತಿಳಿದ ಮೇಲೆ ಹೆದರಿಕೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಮಹಾಲಯ ಅಮಾವಾಸ್ಯೆ ಬಂತು. ಸಂಜೆ ಪಿರಿಯಾಪಟ್ಟಣದ ಕಡೆಯ ದಾಯಾದಿಗಳ ಮನೆಯ ಎಡೆಗೆ ಹೋಗಬೇಕಾದ್ದರಿಂದ ಆ ಮನೆಯಲ್ಲಿ ಎಡೆ ಇಡುವುದು ಮಧ್ಯಾಹ್ನಕ್ಕೆ ಮುಂಚೆ. ಹಿಂದಿನ ರಾತ್ರಿಯೇ ಪ್ರಮೀಳಾ ಹೇಳಿಬಿಟ್ಟಿದ್ದಳು. "ಮಾವ, ಹಿರಿಯರಿಗೆ ಎಲ್ಲ ಮಾಡ್ತೀನಿ. ಶಶಿಗೆ ಅಂತ ನಾನು ಮಾಡಲ್ಲ."

ಗೋವಿಂದಯ್ಯ ಸೊಸೆಯನ್ನು ನೋಡಿದರು. ಅವಳಿಗೆ ತಿಳಿದಿದೆ ಎಂಬುದು ಅವರಿಗೆ ಆ ಕ್ಷಣ ಗೊತ್ತಾಯಿತು. ಹೇಗೆಂದು ಕೇಳಲಿಲ್ಲ. "ನೀನು ಮಾಡ್ಬ್ಯಾಡ. ನಮ್ಮನೇಲಿ ಮಾಡೋರವ್ರೆ" ಎಂದರು.

ಒಬ್ಬಟ್ಟು, ಕಜ್ಜಾಯ, ಕೋಳಿಸಾರು ಆಯಿತು. ಶಶಿಯ ಪಾಲಿನದನ್ನು ಸುನಂದಮ್ಮನೇ ಮಾಡಿದರು. ನಡುಮನೆಯಲ್ಲಿ ಮೂರು ಎಲೆ ಹಾಕಿದರು. ಎರಡು ಗೋವಿಂದಯ್ಯನ ತಂದೆಗೆ, ತಾತನಿಗೆ. ಮೂರನೆಯದರ ಪಕ್ಕ ಹೊಸ ಸೀರೆ, ಹಸಿರು ಬಳೆ. ಗೋವಿಂದಯ್ಯ ಧೂಪ ಹಾಕಿ ಕೈಮುಗಿದು, "ಬನ್ನಿ, ಬಂದು ಉಂಡೋಗಿ" ಎಂದರು. ಸತ್ತವರು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡರು. ಎಲ್ಲರೂ ಜಗಲಿಯ ಮೇಲೆ ಕೂತರು. ಮನೆಯ ಯಜಮಾನ ಎದ್ದು ಮೂರು ಸಲ ಬಾಗಿಲು ತಟ್ಟುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ, ಮಾತಾಡುವಂತಿಲ್ಲ. ಬಾಗಿಲ ಸಂದಿಯಿಂದ ಸಾಂಬ್ರಾಣಿ ಹೊಗೆ ಬರುತ್ತಿತ್ತು.

ಒಳಗೆ ಫೋನು ಸದ್ದು ಮಾಡಿತು.

ಪೂರ್ತಿ ಸದ್ದು. ನಿಂತು ಮತ್ತೆ ಬಂತು. ಸಂಪ್ರದಾಯದ ಗಡಿಬಿಡಿಯಲ್ಲಿ ಹನ್ನೊಂದಾದದ್ದು ಯಾರಿಗೂ ತಿಳಿದಿರಲಿಲ್ಲ. ಯತೀಶ್ ತಲೆ ತಗ್ಗಿಸಿದ. ತಿಮ್ಮಮ್ಮಜ್ಜಿ ಮಾತ್ರ ಬೊಚ್ಚುಬಾಯಿ ಅಗಲಿಸಿ ನಕ್ಕಳು. "ಬಂದ್ಲು" ಎಂದಳು.

ಸುನಂದಮ್ಮ ಎದ್ದರು.

"ಬಾಗ್ಲು ತೆಗೀಬ್ಯಾಡ" ಎಂದರು ಗೋವಿಂದಯ್ಯ.

ಸುನಂದಮ್ಮ ಚಿಲಕಕ್ಕೆ ಕೈ ಹಾಕಿದರು.

"ಸುನಂದಾ! ಹಿರೀರು ಉಣ್ತಾವ್ರೆ. ಅಪಚಾರ ಆಯ್ತದೆ."

"ಬಂದು ಉಂಡೋಗು ಅಂತ ಈಗ ಕರ್ದೋರು ನೀವೇ ಅಲ್ವಾ?" ಸುನಂದಮ್ಮ ತಿರುಗಿ ಗಂಡನ ಮುಖ ನೋಡಿದರು. "ಬಂದವ್ಳೆ. ಎತ್ಬ್ಯಾಡವಾ?"

ಬಾಗಿಲು ತೆರೆದರು. ಹೊಗೆಯೊಳಗೆ ಎಲೆಗಳನ್ನು ದಾಟಿ ಹೋಗಿ ಫೋನು ಎತ್ತಿದರು. ಈ ಸಲ ಪಿಸುಗುಡಲಿಲ್ಲ, ಗೋಡೆಯ ಕಡೆ ತಿರುಗಲಿಲ್ಲ. ಜಗಲಿಗೆ, ಅಂಗಳಕ್ಕೆ ಕೇಳುವ ಹಾಗೆ ಮಾತಾಡಿದರು. "ಹ್ಞೂ ಕಣವ್ವ, ನಾನೇ. ಮಗ ಉಣ್ತಾ? ಗಂಜಿ ಸೇರ್ತದಾ? ಒಬ್ಬಟ್ಟು ಮಾಡೀವ್ನಿ... ನಿಂಗೇ ಕಣವ್ವ. ನಿಂಗೇ ಇಟ್ಟಿರೋದು."

ಗೋವಿಂದಯ್ಯ ಏಟು ತಿಂದವರಂತೆ ಕೂತಿದ್ದರು. ಆಮೇಲೆ ಹೆಗಲ ಟವಲು ಕೊಡವಿ, ಬಾಗಿಲು ತಟ್ಟದೆ, ಉಣ್ಣದೆ, ಏರಿ ಹತ್ತಿ ಹೋದರು. ಆ ದಿನ ದಾಯಾದಿಗಳ ಮನೆಗೂ ಹೋಗಲಿಲ್ಲ. ಕತ್ತಲಾದ ಮೇಲೆ ಬಂದು ಒಂದು ಚೊಂಬು ನೀರು ಕುಡಿದು ಮಲಗಿದರು.

ಗೋವಿಂದಯ್ಯ ಫೋನು ಕಿತ್ತು ಹಾಕುತ್ತಾರೆಂದು ಯತೀಶ್ ಹೆದರಿದ್ದ, ಅದಾಗಲಿಲ್ಲ. ಮಗಳನ್ನು ಕರೆಸುತ್ತಾರೆಂದು ಪ್ರಮೀಳಾ ಆಸೆಪಟ್ಟಿದ್ದಳು, ಅದೂ ಆಗಲಿಲ್ಲ. ಫೋಟೋ ಗೋಡೆಯ ಮೇಲೆಯೇ ಇತ್ತು, ಅದನ್ನು ಇಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ಹನ್ನೊಂದಕ್ಕೆ ಸ್ವಲ್ಪ ಮುಂಚೆ ಗೋವಿಂದಯ್ಯ ಮನೆಯಲ್ಲಿದ್ದರೆ ಎದ್ದು ಗದ್ದೆಗೆ ಹೋಗಿಬಿಡುತ್ತಿದ್ದರು. ಗಂಡನೊಂದಿಗೆ ಪ್ರಮೀಳಾ ಬೇಕಾದಷ್ಟೇ ಮಾತಾಡುತ್ತಿದ್ದಳು.

ಕಾರ್ತಿಕದ ಒಂದು ಬೆಳಿಗ್ಗೆ ಅವಳು ಕೇಬಲ್ ಕಿತ್ತು ಸುತ್ತಿಡುತ್ತಿದ್ದಳು. ಮಾವ ಕುಡುಗೋಲು ಹಿಡಿದು ಹೊಸ್ತಿಲು ದಾಟಿದವರು ಅಂಗಳದಲ್ಲಿ ನಿಂತರು. ತಿರುಗಲಿಲ್ಲ.

"ಆ ಮಗ..." ಎಂದರು. "ನಡೀತಂತಾ?"

"ನಡೀತಾಳಂತೆ ಮಾವ. ಸ್ಕೂಲಿಗೂ ಹೋಗ್ತಾಳಂತೆ."

ಅವರು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಒಳಗೆ ಫೋನು ಸದ್ದು ಮಾಡಿತು. ಗೋವಿಂದಯ್ಯ ಬೇಗ ಬೇಗ ಏರಿ ಹತ್ತಿದರು.